ರಾಂಗ್ ಸೈಡ್ ರೂಢಿಯಾದ ಬಗೆ

ಹೆದ್ದಾರಿ ಬದಿಯ ಯಾವುದಾದರೂ ಪೆಟ್ರೋಲ್ ಬಂಕ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ. ಟ್ಯಾಂಕ್ ತುಂಬಿಸಿಕೊಂಡ ಬೈಕುಗಳಲ್ಲಿ ಕೆಲವು ಮುಂದಿನ ದಾರಿ ಹಿಡಿಯುವುದೇ ಇಲ್ಲ. ಒಳಗೆ ಬಂದ ಬಾಯಿಂದಲೇ ಹೊರಬಿದ್ದು, ನುಗ್ಗಿ ಬರುವ ಬಸ್ಸು ಲಾರಿಗಳಿಗೆ ಎದುರಾಗಿ, ಅಂಚಿನ ಬಿಳಿ ಗೆರೆ ಹಿಡಿದು ಸಾಗುತ್ತವೆ. ಹಿಂದೆ ಕೂತ ಹೆಣ್ಣುಮಗಳ ತೊಡೆಯ ಮೇಲೆ ಮಗು ಇರುತ್ತದೆ. ಲಾರಿಯವನು ಹಾರ್ನ್ ಒತ್ತುತ್ತಾನೆ, ಬೈಕಿನವನು ಹೈಬೀಮ್ ಮಿನುಗಿಸುತ್ತಾನೆ. ಬಂಕಿನ ಹುಡುಗರು ತಲೆ ಎತ್ತಿ ನೋಡುವುದೂ ಇಲ್ಲ, ಅಷ್ಟು ಮಾಮೂಲಾಗಿದೆ.

ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಬೈದು ಮುಂದೆ ಹೋಗುವುದು ಸುಲಭ. ಆದರೆ ಈ ಚಾಳಿಗೂ ಒಂದು ಹುಟ್ಟು ಇದೆ. ನಲವತ್ತು ವರ್ಷದ ಹಿಂದೆ ನಮ್ಮ ಹೆದ್ದಾರಿಗಳಲ್ಲಿ ಇದು ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಆಗಿನದು ಒಂದೇ ರಸ್ತೆ, ಎರಡೂ ಬದಿಗೆ ಸಾಲುಮರ, ಹೋಗುವವರೂ ಬರುವವರೂ ಅದರಲ್ಲೇ. ಎತ್ತಿನ ಗಾಡಿಯವನು ತನ್ನ ಹೊಲದ ದಾರಿ ಬಂದ ಕಡೆ ತಿರುಗಿಕೊಳ್ಳುತ್ತಿದ್ದ. ಆ ರಸ್ತೆಯೇನೂ ಸುರಕ್ಷಿತವಾಗಿರಲಿಲ್ಲ. ಓವರ್‌ಟೇಕ್ ಮಾಡಲು ಹೋಗಿ ಮುಖಾಮುಖಿ ಡಿಕ್ಕಿ ಹೊಡೆದು ಸತ್ತವರಿಗೆ ಲೆಕ್ಕವಿಲ್ಲ. ಆ ಸಾವುಗಳನ್ನು ತಪ್ಪಿಸುವುದಕ್ಕೆಂದೇ ನಡುವೆ ಡಿವೈಡರ್ ಬಂತು.

1999ರಲ್ಲಿ ವಾಜಪೇಯಿ ಸರ್ಕಾರ ಸುವರ್ಣ ಚತುಷ್ಪಥ ಯೋಜನೆಗೆ ಚಾಲನೆ ಕೊಟ್ಟಿತು. ಅದರ ಚೆನ್ನೈ–ಮುಂಬೈ ತೋಳು ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳನ್ನು ಹಾದು ಹೋಗುತ್ತದೆ. ರಸ್ತೆ ಅಗಲವಾಯಿತು, ವೇಗ ಹೆಚ್ಚಿತು, ಊರಿಂದೂರಿಗೆ ಗಂಟೆಗಳು ಉಳಿದವು. ಆ ಲಾಭ ಸಣ್ಣದಲ್ಲ. ಆದರೆ ರಸ್ತೆ ಸೀಳಿಕೊಂಡು ಹೋದ ಹಳ್ಳಿಯಲ್ಲಿ ಮನೆ ಈಚೆ ಉಳಿದು ಹೊಲ ಆಚೆಯಾಯಿತು. ಹಾಲಿನ ಡೇರಿ ಒಂದು ಬದಿಗೆ, ಶಾಲೆ ಇನ್ನೊಂದು ಬದಿಗೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಚತುಷ್ಪಥ ಕೈಪಿಡಿಯ ಪ್ರಕಾರ ಡಿವೈಡರ್‌ನಲ್ಲಿ ಬಿಡುವ ತೆರವುಗಳ ನಡುವೆ ಕನಿಷ್ಠ 2 ಕಿಲೋಮೀಟರ್ ಅಂತರವಿರಬೇಕು. ವೇಗದ ವಾಹನಗಳ ಮಟ್ಟಿಗೆ ಇದು ಸರಿಯಾದ ನಿಯಮ. ಆದರೆ ಕ್ಯಾನ್ ಕಟ್ಟಿಕೊಂಡು ಹೊರಟ ಹಾಲಿನವನ ಲೆಕ್ಕ ಬೇರೆ. ಡೇರಿ ಅವನ ಕಣ್ಣೆದುರಿಗೇ, 200 ಮೀಟರ್ ದೂರದಲ್ಲಿದೆ. ನಿಯಮ ಪಾಲಿಸಬೇಕೆಂದರೆ ತೆರವು ಸಿಗುವ ತನಕ ಹೋಗಿ, ತಿರುಗಿಕೊಂಡು, ಅಷ್ಟೇ ದೂರ ವಾಪಸ್ ಬರಬೇಕು. ಅಷ್ಟರಲ್ಲಿ ಡೇರಿಯವರು ಹಾಲು ಅಳೆಯುವುದು ಮುಗಿಸಿರುತ್ತಾರೆ. ಅವನು ಅಂಚು ಹಿಡಿದು ಎದುರಿಗೇ ಹೋದ. ಮರುದಿನವೂ ಹೋದ. ಏನೂ ಆಗಲಿಲ್ಲ.

ಎಷ್ಟೋ ಊರುಗಳ ಮುಂದೆ ಡಿವೈಡರ್‌ನ ಒಂದು ಕಲ್ಲು ಕಿತ್ತಿರುವುದನ್ನು ಈಗಲೂ ಕಾಣಬಹುದು. ಕಿತ್ತ ಜಾಗಕ್ಕೆ ಮಣ್ಣು ಸುರಿದು, ಬೈಕಿನ ಚಕ್ರ ಹತ್ತಿ ಇಳಿಯುವಷ್ಟು ಇಳಿಜಾರು ಮಾಡಿರುತ್ತಾರೆ. ಪಕ್ಕದ ಕಣಗಿಲೆ ಗಿಡ ಬಗ್ಗಿ ಸವೆದಿರುತ್ತದೆ. ಇಲ್ಲೊಂದು ದಾರಿ ಬೇಕು ಎಂದು ಊರಿನವರು ಇಲಾಖೆಗೆ ಕೊಟ್ಟ ಅರ್ಜಿ ಎಂದೇ ಅದನ್ನು ನಾನು ಓದುತ್ತೇನೆ. ಉತ್ತರವಾಗಿ ಬರುವುದು ಸಾಮಾನ್ಯವಾಗಿ ಹೊಸ ಕಲ್ಲು.

ಅಗತ್ಯಕ್ಕೆ ಹುಟ್ಟಿದ್ದು ಅಗತ್ಯದಲ್ಲೇ ನಿಲ್ಲಲಿಲ್ಲ ಎನ್ನುವುದು ನನಗೆ ಹೆಚ್ಚು ಸಂಕಟ ಕೊಡುವ ಸಂಗತಿ. ಅಪ್ಪನ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ದಿನಾ ಎದುರಿಗೆ ಹೋದ ಮಗು ಇಂದು ಗಾಡಿ ಓಡಿಸುತ್ತಿದೆ. ಅದಕ್ಕೆ ಇದು ತಪ್ಪು ಎಂದು ಹೇಳಿಕೊಟ್ಟವರು ಯಾರು? ಎಂಟರ ಆಕಾರದಲ್ಲಿ ಕಾಲೂರದೆ ಬೈಕ್ ಓಡಿಸಿ ತೋರಿಸಿದರೆ ಲೈಸೆನ್ಸ್ ಸಿಗುತ್ತದೆ. ಹೆದ್ದಾರಿಗೆ ಹೇಗೆ ಸೇರಬೇಕು, ಎಕ್ಸಿಟ್ ತಪ್ಪಿದರೆ ಏನು ಮಾಡಬೇಕು ಎನ್ನುವುದು ಆ ಎಂಟರೊಳಗೆ ಬರುವುದಿಲ್ಲ. ಹಾಗಾಗಿಯೇ ಎಕ್ಸಿಟ್ ದಾಟಿಬಿಟ್ಟ ಕಾರಿನವನು ವೇಗದ ಲೇನ್ ಪಕ್ಕದಲ್ಲೇ ರಿವರ್ಸ್ ಹಾಕುತ್ತಾನೆ.

ನಗರದೊಳಗೂ ಇದೇ ಕಥೆ. ಬೆಂಗಳೂರಿನಲ್ಲಿ ಒನ್ ವೇಗಳು ಹೆಚ್ಚಿದವು, ಯು-ಟರ್ನ್‌ಗಳು ದೂರವಾದವು, ಮೆಟ್ರೊ ಕಾಮಗಾರಿಗೆ ಅರ್ಧ ರಸ್ತೆ ಹೋಯಿತು. ಅದರ ಮೇಲೆ ನಿಮಿಷ ಎಣಿಸಿ ಊಟ, ದಿನಸಿ ತಲುಪಿಸುವ ಹುಡುಗರ ದುಡಿಮೆ. ನಗರದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಈಗ ರಾಂಗ್ ಸೈಡ್‌ನಲ್ಲಿ ಬರುವವನನ್ನು ತಡೆದರೆ ಅವನೇ ನಮ್ಮನ್ನು ಗದರಿಸುತ್ತಾನೆ.

ಕಾನೂನು ಸುಮ್ಮನಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ ತಿದ್ದುಪಡಿಯಾಗಿ, ಸಂಚಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಓಡಿಸುವುದೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿತು. ಜೈಲು ಶಿಕ್ಷೆಗೂ ಅವಕಾಶವಿದೆ. ಆದರೆ ಆ ವರ್ಷದ ಸೆಪ್ಟೆಂಬರ್ ಮುಗಿಯುವ ಮೊದಲೇ ನಮ್ಮ ರಾಜ್ಯ ಹಲವು ದಂಡಗಳನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದಾಗ ನೂರು ಕೋಟಿಗೂ ಹೆಚ್ಚು ಹಣ ಬಂತು. ಮುಂದೆಯೂ ಅಂಥ ರಿಯಾಯಿತಿಗಳು ಬಂದವು. ಖಜಾನೆಗೆ ಒಳ್ಳೆಯದೇ ಇರಬಹುದು, ಆದರೆ ಕಾದರೆ ಅರ್ಧಕ್ಕೆ ಮುಗಿಯುತ್ತದೆ ಎಂಬ ಪಾಠವನ್ನು ಸವಾರ ಕಲಿತುಬಿಟ್ಟ.

ಈ ಕಥೆಯ ಎಲ್ಲ ಎಳೆಗಳೂ ಒಟ್ಟಿಗೆ ಕಂಡದ್ದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. ಸುಮಾರು 8,480 ಕೋಟಿ ರೂಪಾಯಿಯ, 118 ಕಿಲೋಮೀಟರ್ ಉದ್ದದ ಈ ರಸ್ತೆಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು. ನಡುವೆ ಆರು ಪಥ, ಅಕ್ಕಪಕ್ಕ ಸರ್ವಿಸ್ ರಸ್ತೆ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್. ಕಾರುಗಳು ನೂರನ್ನು ದಾಟಿ ಹಾರತೊಡಗಿದವು. ಅದೇ ರಸ್ತೆಗೆ ಕಬ್ಬಿನ ಟ್ರ್ಯಾಕ್ಟರ್, ಹುಲ್ಲಿನ ಹೊರೆಯ ಮೊಪೆಡ್, ಆಟೊಗಳೂ ಹತ್ತಿದವು. ಜನ ಬೇಲಿ ಕತ್ತರಿಸಿ ಒಳಬಂದರು. ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿ ಇಲ್ಲದ ವಾರವೇ ಇರಲಿಲ್ಲ.

ಇಂಥ ರಸ್ತೆಯಲ್ಲಿ ಎದುರು ಬರುವುದೆಂದರೆ ಏನು ಎಂಬುದನ್ನು ಒಮ್ಮೆ ಲೆಕ್ಕ ಹಾಕಬೇಕು. ಕಾರು ಗಂಟೆಗೆ 100, ಬೈಕು 40 ಕಿಲೋಮೀಟರ್ ವೇಗದಲ್ಲಿದ್ದರೆ ಅವು ಸೆಕೆಂಡಿಗೆ ಸುಮಾರು 39 ಮೀಟರ್‌ನಂತೆ ಹತ್ತಿರವಾಗುತ್ತವೆ. ರಾತ್ರಿ ಡಿಮ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದು 50 ಮೀಟರ್ ಆಸುಪಾಸು. ಕಂಡು, ಅರಿತು, ಬ್ರೇಕಿಗೆ ಕಾಲು ಹೋಗುವುದಕ್ಕೆ ಸಿಗುವ ಸಮಯ ಒಂದು ಸೆಕೆಂಡು ಚಿಲ್ಲರೆ. ಟ್ರ್ಯಾಕ್ಟರ್ ಎದುರು ಬಂದರೆ ಇನ್ನೂ ಘೋರ. ಅದರ ಚಾಲಕ ಚಿಕ್ಕಂದಿನಿಂದ ಕಲಿತಂತೆ ತನ್ನ ಎಡಕ್ಕೇ ಇರುತ್ತಾನೆ. ಅವನ ಎಡ ಎಂದರೆ ಡಿವೈಡರ್ ಬದಿ, ಸರಿಯಾದ ದಿಕ್ಕಿನಲ್ಲಿ ಬರುವವರಿಗೆ ಅದೇ ಅತಿ ವೇಗದ ಲೇನ್. ಹಿಂದಿನ ಟ್ರೇಲರ್‌ಗೆ ರಿಫ್ಲೆಕ್ಟರ್ ಅಂಟಿಸಿದ್ದರೂ ಎದುರಿನಿಂದ ಬರುವವನಿಗೆ ಅದು ಕಾಣುವುದಿಲ್ಲ.

2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ಹಾಕುವ ನಿಯಮವೂ ರಾಜ್ಯದಲ್ಲಿ ಬಂತು. ಸಾವುಗಳು ಗಣನೀಯವಾಗಿ ಇಳಿದವು. ನಿಷೇಧವನ್ನು ನಾನು ಪೂರ್ತಿ ಒಪ್ಪುತ್ತೇನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅವರನ್ನು ನೂರರ ವೇಗದ ನಡುವೆ ಬಿಡುವುದು ಯಾವ ನ್ಯಾಯವೂ ಅಲ್ಲ. ಆದರೆ ಹೊರಗಿಟ್ಟವರಿಗೆ ಸರ್ವಿಸ್ ರಸ್ತೆ ಪೂರ್ತಿ ಇರಬೇಕಲ್ಲವೇ? ನಮ್ಮ ಹಲವು ಹೆದ್ದಾರಿಗಳಲ್ಲಿ ಅದು ಸೇತುವೆ ಬಂದ ಕೂಡಲೇ ತುಂಡಾಗುತ್ತದೆ. ಮಳೆಗಾಲದಲ್ಲಿ ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು. ಆಗ ಮತ್ತೆ ಅಂಚಿನ ಬಿಳಿ ಗೆರೆಯೇ ಗತಿ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಕೆಜಿಎಫ್ ಭಾಗ ತೆರೆದಾಗಲೂ ಬೈಕುಗಳು ಹತ್ತಿದವು, ಸಾವುಗಳಾದವು, ಆಮೇಲೆ ತಡೆ ಬಂತು. ಅದೇ ಕ್ರಮ, ಅದೇ ತಡ. ಮುಂದಿನ ರಸ್ತೆಯ ನಕ್ಷೆ ಬರೆಯುವ ಎಂಜಿನಿಯರ್ ಬೆಳಗಿನ ಐದೂವರೆಗೆ ಆ ಹಳ್ಳಿಗಳಿಗೆ ಹೋಗಲಿ. ಡೇರಿಗೆ ಯಾರು ಯಾವ ಕಡೆಯಿಂದ ಬರುತ್ತಾರೆ, ಮಕ್ಕಳು ಬಸ್ಸಿಗೆ ಎಲ್ಲಿ ನಿಲ್ಲುತ್ತಾರೆ, ಕಬ್ಬಿನ ಗಾಡಿ ಯಾವ ಗದ್ದೆಯಿಂದ ಹೊರಡುತ್ತದೆ ಎಂದು ಬರೆದುಕೊಳ್ಳಲಿ. ಅಂಡರ್‌ಪಾಸ್ ಎಲ್ಲಿ ಬೇಕೆಂಬುದು ಟೆಂಡರ್ ಕರೆಯುವ ಮೊದಲೇ ಗೊತ್ತಾಗುತ್ತದೆ. ಅದು ಕಟ್ಟಿ ಮುಗಿದ ಮೇಲೂ ಎದುರು ಬರುವವನಿದ್ದರೆ, ಅವನ ದಂಡಕ್ಕೆ ಒಂದು ರೂಪಾಯಿಯ ರಿಯಾಯಿತಿಯೂ ಬೇಡ.