ಹರ್ನಿಯಾ: ಬೆಲ್ಟ್ ಕಟ್ಟಿದರೆ, ಕಷಾಯ ಕುಡಿದರೆ ವಾಸಿಯಾಗುತ್ತದೆಯೇ?

"ಆಪರೇಷನ್ ಇಲ್ಲದೆ 21 ದಿನದಲ್ಲಿ ಹರ್ನಿಯಾ ಮಾಯ", "ಈ ಬೆಲ್ಟ್ ಕಟ್ಟಿಕೊಳ್ಳಿ ಸಾಕು", "ಆಪರೇಷನ್ ಮಾಡಿಸಿದರೆ ಗಂಡಸುತನ ಹೋಗುತ್ತದೆ". ಇಂಥ ಮಾತುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡೋಣ.

ಚಿಕ್ಕದಾಗಿ ಹೇಳುವುದಾದರೆ: ಹರ್ನಿಯಾ ಎಂದರೆ ಹೊಟ್ಟೆಯ ಗೋಡೆಯಲ್ಲಿ ಆದ ಕಿಂಡಿ. ದೊಡ್ಡವರಲ್ಲಿ ಆ ಕಿಂಡಿಯನ್ನು ಮುಚ್ಚುವ ಕಷಾಯ, ಎಣ್ಣೆ, ಮಾತ್ರೆ ಯಾವುದೂ ಇಲ್ಲ. ಎಲ್ಲರಿಗೂ ಇಂದೇ ಆಪರೇಷನ್ ಬೇಕೆಂದೇನೂ ಇಲ್ಲ. ಆದರೆ ಕೆಲವು ಲಕ್ಷಣ ಕಂಡರೆ ಒಂದು ಗಂಟೆಯೂ ಕಾಯುವಂತಿಲ್ಲ.

ಏನಿದು ಹರ್ನಿಯಾ?

ಹೊಟ್ಟೆಯ ಸ್ನಾಯುಗಳು ಕರುಳನ್ನು ಒಳಗೆ ಹಿಡಿದಿಡುವ ಗೋಡೆಯಂತೆ. ತೊಡೆಸಂದಿನ ಹತ್ತಿರ ಈ ಗೋಡೆ ಸಹಜವಾಗಿಯೇ ತೆಳು. ಗಂಡು ಮಗು ತಾಯಿಯ ಗರ್ಭದಲ್ಲಿದ್ದಾಗ ವೃಷಣಗಳು ಹೊಟ್ಟೆಯಿಂದ ಇದೇ ದಾರಿಯಲ್ಲಿ ಕೆಳಗಿಳಿಯುತ್ತವೆ. ಆ ದಾರಿ ಪೂರ್ತಿ ಮುಚ್ಚದಿದ್ದರೆ, ಅಥವಾ ವಯಸ್ಸಾದಂತೆ ಸ್ನಾಯು ಸಡಿಲವಾದರೆ, ಕರುಳಿನ ಭಾಗವೋ ಕೊಬ್ಬೋ ಅಲ್ಲಿಂದ ಹೊರಗೆ ಉಬ್ಬುತ್ತದೆ. ಹೀಗಾಗಿ ಇದು ಗಂಡಸರಲ್ಲೇ ಹೆಚ್ಚು. ಜೀವಮಾನದಲ್ಲಿ ಗಂಡಸರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ 100ರಲ್ಲಿ ಸುಮಾರು ಮೂವರಿಗೆ ಇದು ಬರುತ್ತದೆ ಎಂಬುದು ವೈದ್ಯಲೋಕದ ಅಂದಾಜು.

ಗುರುತಿಸುವುದು ಹೇಗೆ?

ನಿಂತಾಗ, ಕೆಮ್ಮಿದಾಗ, ಮುಕ್ಕಿದಾಗ ತೊಡೆಸಂದಿನಲ್ಲಿ ಉಬ್ಬು ಕಾಣುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಸಂಜೆ ಹೊತ್ತಿಗೆ ಭಾರ, ಎಳೆತ ಇರಬಹುದು. ಕೆಲವರಲ್ಲಿ ಉಬ್ಬು ವೃಷಣದ ಚೀಲದವರೆಗೂ ಇಳಿಯುತ್ತದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ರಾಯಚೂರು ಜಿಲ್ಲೆ ಆನೆಕಾಲು ರೋಗ ಕಾಣಿಸಿಕೊಂಡಿರುವ ಜಿಲ್ಲೆಗಳಲ್ಲಿ ಒಂದು. ಆ ರೋಗದಿಂದಲೂ ವೃಷಣದ ಚೀಲದಲ್ಲಿ ನೀರು ತುಂಬಿ ಊತ ಬರುತ್ತದೆ. ಅದು ಹೈಡ್ರೋಸಿಲ್. ಜನ ಎರಡನ್ನೂ 'ಅಂಡವಾಯು' ಎಂದು ಒಂದೇ ಹೆಸರಿನಲ್ಲಿ ಕರೆಯುವುದುಂಟು. ಆದರೆ ಎರಡೂ ಬೇರೆ, ಚಿಕಿತ್ಸೆಯೂ ಬೇರೆ. ಯಾವುದು ಎಂಬುದನ್ನು ವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ಬಹುಪಾಲು ಹೇಳಬಲ್ಲರು. ಅನುಮಾನ ಇದ್ದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ.

ಭಾರ ಎತ್ತುವುದೇ ಕಾರಣವೇ?

ಅರ್ಧ ಸತ್ಯ. ಸಾಲಗುಂದ, ಸಿಂಧನೂರು ಸುತ್ತಮುತ್ತ ಭತ್ತದ ಸೀಮೆ. 75 ಕೆ.ಜಿ. ಚೀಲ ಹೊರುವ ಹಮಾಲರಿಗೆ ಹರ್ನಿಯಾ ಆದರೆ ಎಲ್ಲರೂ ಚೀಲದ ಮೇಲೆಯೇ ತಪ್ಪು ಹೊರಿಸುತ್ತಾರೆ. ಆದರೆ ಜೀವನದಲ್ಲಿ ಚೀಲ ಎತ್ತದವರಿಗೂ, ಹುಟ್ಟಿದ ಮಗುವಿಗೂ ಇದು ಬರುತ್ತದೆ. ಗೋಡೆ ಮೊದಲೇ ತೆಳುವಾಗಿದ್ದರೆ ಭಾರ ಎತ್ತುವುದು ಅದನ್ನು ಹೊರಗೆ ತೋರಿಸುತ್ತದೆ, ಹೆಚ್ಚಿಸುತ್ತದೆ. ಮನೆಯಲ್ಲಿ ಬೇರೆಯವರಿಗೆ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ಬೀಡಿ ಸೇದಿ ಬರುವ ಹಳೆಯ ಕೆಮ್ಮು, ಮಲಬದ್ಧತೆ, ವಯಸ್ಸಾದವರಲ್ಲಿ ಮೂತ್ರಕ್ಕೆ ಮುಕ್ಕುವುದು ಇವೂ ಒತ್ತಡ ಹಾಕುತ್ತವೆ.

ಬೆಲ್ಟ್, ಎಣ್ಣೆ, ಚುಟಿಗೆ?

ಬೆಲ್ಟ್ ಉಬ್ಬನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಬಿಚ್ಚಿದರೆ ಮತ್ತೆ ಹೊರಗೆ ಬರುತ್ತದೆ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿದರೆ ಸಿಕ್ಕಿಕೊಂಡ ಕರುಳಿಗೆ ಪೆಟ್ಟಾಗಬಹುದು. ಚುಟಿಗೆ ಹಾಕಿಸಿದರೆ ಸುಟ್ಟಗಾಯ, ಸೋಂಕು ಬರಬಹುದೇ ಹೊರತು ಒಳಗಿನ ಕಿಂಡಿ ಹಾಗೇ ಇರುತ್ತದೆ.

ಕಾಯಬಹುದೇ?

ಹೆಚ್ಚು ನೋವಿಲ್ಲದ ಗಂಡಸರು ವೈದ್ಯರಿಗೆ ತೋರಿಸಿಕೊಂಡು ಸ್ವಲ್ಪ ದಿನ ಕಾಯಬಹುದು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹೀಗೆ ಕಾದವರಲ್ಲಿ ಕರುಳು ದಿಢೀರನೆ ಸಿಕ್ಕಿಕೊಂಡದ್ದು ವರ್ಷಕ್ಕೆ 1000 ಜನರಲ್ಲಿ ಸುಮಾರು ಇಬ್ಬರಿಗೆ. ಆದರೆ 10 ವರ್ಷದೊಳಗೆ ಮೂವರಲ್ಲಿ ಇಬ್ಬರು ಆಪರೇಷನ್ ಮಾಡಿಸಿಕೊಂಡರು, ಹೆಚ್ಚಿನವರು ನೋವು ಬಂದ ಕಾರಣಕ್ಕೆ. ಹಾಗಾಗಿ ಸುಗ್ಗಿ ಮುಗಿಯಲಿ ಎನ್ನುವುದು ತಪ್ಪಲ್ಲ. ತೋರಿಸದೆಯೇ ಸುಗ್ಗಿಯ ಮೇಲೆ ಸುಗ್ಗಿ ಮುಂದೂಡುವುದು ತಪ್ಪು.

ಈ ಮಾತು ಹೆಂಗಸರಿಗೆ ಮತ್ತು ಮಕ್ಕಳಿಗೆ ಅನ್ವಯಿಸುವುದಿಲ್ಲ. ಹೆಂಗಸರಲ್ಲಿ ತೊಡೆಯ ಬುಡದ ಹರ್ನಿಯಾ ಹೆಚ್ಚು, ಅದು ಬೇಗ ಸಿಕ್ಕಿಕೊಳ್ಳುತ್ತದೆ. ಹಸುಗೂಸುಗಳ ಹೊಕ್ಕುಳ ಉಬ್ಬು ಬಹಳಷ್ಟು ಸಲ ತಾನಾಗಿಯೇ ಮುಚ್ಚುತ್ತದೆ. ತೊಡೆಸಂದಿನದು ಹಾಗೆ ಮುಚ್ಚುವುದಿಲ್ಲ, ತಡಮಾಡದೆ ಆಪರೇಷನ್ ಮಾಡಿಸಬೇಕು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನಿಲ್ಲುವುದು
• ದಿಢೀರ್ ಜೋರು ನೋವು
• ಉಬ್ಬಿನ ಮೇಲಿನ ಚರ್ಮ ಕೆಂಪಾಗುವುದು ಅಥವಾ ಕಪ್ಪಾಗುವುದು
• ವಾಂತಿ, ಜ್ವರ, ಹೊಟ್ಟೆ ಉಬ್ಬರ
• ಗಾಳಿ, ಮಲ ಎರಡೂ ಹೋಗದಿರುವುದು

ಕರುಳಿಗೆ ರಕ್ತ ಹೋಗುವುದು ನಿಂತಿರುವ ಸೂಚನೆ ಇದು. ಕೆಲವೇ ಗಂಟೆಗಳಲ್ಲಿ ಆ ಭಾಗ ಕೊಳೆಯುತ್ತದೆ, ಜೀವಕ್ಕೇ ಅಪಾಯ. ಒತ್ತಿ ಒಳಗೆ ತಳ್ಳಬೇಡಿ. ಊಟ, ನೀರು ಕೊಡಬೇಡಿ. 108ಕ್ಕೆ ಕರೆ ಮಾಡಿ. ಹಳ್ಳಿಯಿಂದ ಸಿಂಧನೂರು, ಅಲ್ಲಿಂದ ರಾಯಚೂರಿಗೆ ಕಳಿಸಿದರೆ ದಾರಿಯಲ್ಲೇ ಗಂಟೆಗಳು ಹೋಗುತ್ತವೆ. ಹಾಗಾಗಿ ಬೆಳಗಾಗಲಿ ಎಂದು ಕಾಯಬೇಡಿ.

ಆಪರೇಷನ್ ಬಗ್ಗೆ ಭಯ ಬೇಕೇ?

ಕಿಂಡಿಯ ಮೇಲೆ ಜಾಲರಿ ಇಟ್ಟು ಹೊಲಿಯುತ್ತಾರೆ. ಆ ಭಾಗ ಮಾತ್ರ ಮರಗಟ್ಟಿಸಿಯೂ ಮಾಡಬಹುದು. ಜಾಲರಿ ದುಬಾರಿಯಾಗಿರಬೇಕೆಂದಿಲ್ಲ. ಶುದ್ಧಗೊಳಿಸಿದ ಸೊಳ್ಳೆ ಪರದೆಯ ಬಟ್ಟೆಯೂ ಮಾರುಕಟ್ಟೆಯ ಜಾಲರಿಯಷ್ಟೇ ಚೆನ್ನಾಗಿ ಕೆಲಸ ಮಾಡಿದೆ ಎಂದು ಉಗಾಂಡಾದಲ್ಲಿ ನಡೆದ ಅಧ್ಯಯನ 2016ರಲ್ಲಿ ತೋರಿಸಿತು. ಕೆಲವರಿಗೆ ಆ ಜಾಗದಲ್ಲಿ ಬಹಳ ದಿನ ನೋವು ಉಳಿಯುವುದುಂಟು, ಅದನ್ನು ವೈದ್ಯರ ಹತ್ತಿರ ಮೊದಲೇ ಕೇಳಿ. ಗಂಡಸುತನ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಇದು ಸಂತಾನಹರಣ ಆಪರೇಷನ್ ಅಲ್ಲ. ಹಗುರ ಕೆಲಸ ಕೆಲವೇ ದಿನಗಳಲ್ಲಿ ಶುರು ಮಾಡಬಹುದು. ಚೀಲ ಹೊರುವುದು ಯಾವಾಗ ಎಂದು ವೈದ್ಯರನ್ನೇ ಕೇಳಿ.

ಖರ್ಚಿನ ಚಿಂತೆ ಇದ್ದರೆ ಬಿಪಿಎಲ್ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ.

ನಮ್ಮ ತೀರ್ಮಾನ: ಬೆಲ್ಟ್, ಕಷಾಯದಿಂದ ಹರ್ನಿಯಾ ವಾಸಿಯಾಗುತ್ತದೆ ಎಂಬುದು ಸುಳ್ಳು. ಜಾಗ ನಾಚಿಕೆಯದು ಎಂದು ಮನೆಯಲ್ಲೂ ಹೇಳದೆ ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳುವವರು ಬಹಳ. ಇಂಥ ಫಾರ್ವರ್ಡ್ ನಿಮಗೆ ಬಂದರೆ, ಮೇಲಿನ ಐದು ಲಕ್ಷಣಗಳನ್ನು ಅದೇ ಗುಂಪಿಗೆ ಕಳಿಸಿ.