ಡಿ.ವಿ.ಡಿ.ಯ ಬೀಗ ಯಾರಿಗಾಗಿ?

ಚಲನಚಿತ್ರದ ಡಿಸ್ಕುಗಳಿಗೆ ಗೂಢಲಿಪಿಯ ಬೀಗವನ್ನು ತೊಡಿಸಿದ್ದು ಕಳ್ಳಪ್ರತಿಯ ವ್ಯಾಪಾರವನ್ನು ನಿಲ್ಲಿಸುವುದಕ್ಕಾಗಿಯೆಂದೂ, ಆ ಬೀಗವನ್ನು ಮುರಿದವರೆಲ್ಲರೂ ಚೋರರೆಂದೂ ನಂಬಿರುವ ಸಜ್ಜನರು ಬಹುಮಂದಿ. ನಂಬಿಕೆ ಪೂರ್ತಿ ನಿರಾಧಾರವೇನಲ್ಲ. ಅಂಗಡಿಯಲ್ಲಿ ದೊರೆಯುವ ಖಾಲಿ ಡಿಸ್ಕಿನಲ್ಲಿ ಕೀಲಿಕೈಯನ್ನು ಬರೆಯಬೇಕಾದ ಒಳಸುತ್ತಿನ ಜಾಗವನ್ನು ಮೊದಲೇ ಮುಚ್ಚಿಟ್ಟಿರುತ್ತಿದ್ದುದರಿಂದ, ಮನೆಯಲ್ಲಿ ಇದ್ದುದನ್ನು ಇದ್ದಂತೆಯೇ ನಕಲು ಮಾಡಿದರೆ ಅದು ಓಡುತ್ತಿರಲಿಲ್ಲ. ಆದರೆ ಕಾರ್ಖಾನೆಯ ಅಚ್ಚಿನಲ್ಲಿ ಸಾವಿರಗಟ್ಟಲೆ ಡಿಸ್ಕುಗಳನ್ನು ಒತ್ತಿ ತೆಗೆಯುವ ಕಳ್ಳನು ಬೀಗದೊಡನೆ ಕೀಲಿಕೈಯನ್ನೂ ಯಥಾವತ್ತಾಗಿ ಒತ್ತಿಬಿಡಬಲ್ಲವನಾದ್ದರಿಂದ, ಅವನಿಗೆ ಬೀಗವನ್ನು ತೆರೆಯುವ ಪ್ರಮೇಯವೇ ಇರಲಿಲ್ಲ.

1999ರಲ್ಲಿ ಈ 40 ಬಿಟ್ಟಿನ ಬೀಗವನ್ನು ಬಿಚ್ಚುವ ತಂತ್ರಾಂಶವೊಂದು ಹೊರಬಂದಿತು. ಅದರ ಕರ್ತೃಗಳಲ್ಲಿ ಒಬ್ಬನಾದ ನಾರ್ವೆಯ ಯಾನ್ ಲೆಕ್ ಯೋಹಾನ್ಸನ್ ಆಗ ಇನ್ನೂ ಹುಡುಗ. ಲಿನಕ್ಸ್ ಬಳಸುವವರಿಗೆ ತಾವು ಕೊಂಡ ಡಿಸ್ಕನ್ನು ನೋಡಲು ಮಾರ್ಗವಿರಲಿಲ್ಲವೆಂಬುದು ಅವನ ವಾದ. ಹಣ ತೆತ್ತು ಕೊಂಡ ಚಿತ್ರವನ್ನು ನೋಡುವ ಹಕ್ಕು ಕೊಂಡವನಿಗೆ ಉಂಟೆಂದು ಒಪ್ಪಿ ಅಲ್ಲಿಯ ನ್ಯಾಯಾಲಯವು 2003ರ ಜನವರಿಯಲ್ಲಿ ಅವನನ್ನು ದೋಷಮುಕ್ತಗೊಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಪರದೇಶದ ಡಿಸ್ಕು ಓಡದಿದ್ದರೆ ಅದು ಕೆಟ್ಟಿದೆಯೆಂದು ತಿಳಿಯುವುದು ಇನ್ನೊಂದು ಭ್ರಮೆ. ಮಾರುಕಟ್ಟೆಯ ಅನುಕೂಲಕ್ಕಾಗಿ ಭೂಮಂಡಲವನ್ನು ಆರು ವಲಯಗಳಾಗಿ ಹರಿದು ಹಂಚಿದ್ದರು: ಅಮೆರಿಕ ಒಂದನೆಯದು, ಭಾರತ ಐದನೆಯದು. ಅಮೆರಿಕದಲ್ಲಿ ನೆಲಸಿದ ಮಗಳು ಪ್ರೀತಿಯಿಂದ ತಂದುಕೊಟ್ಟ ಚಿತ್ರವು ಬೆಂಗಳೂರಿನ ಯಂತ್ರದಲ್ಲಿ ಮೂಕವಾಗುತ್ತಿದ್ದುದು ಇದರಿಂದಲೇ. ಕಂಪ್ಯೂಟರಿನಲ್ಲಾದರೋ ವಲಯವನ್ನು ಐದು ಬಾರಿ ಬದಲಿಸಬಹುದಿತ್ತು. ಆಮೇಲೆ ಕಡೆಯ ಬಾರಿ ಆರಿಸಿದುದೇ ಶಾಶ್ವತ. ನಕಲಿನ ನಿವಾರಣೆಗೂ ಇದಕ್ಕೂ ಏನು ಸಂಬಂಧವೋ ನಾನರಿಯೆ. ಚಿತ್ರದ ಮೊದಲಿಗೆ ಬರುವ ಎಚ್ಚರಿಕೆಯ ಫಲಕವೂ ಅಂಥದೇ: ರಿಮೋಟಿನ ಗುಂಡಿಯನ್ನು ಎಷ್ಟು ಒತ್ತಿದರೂ ಅದು ಮುಂದೆ ಸರಿಯದು, ಆದರೆ ಕಳ್ಳಪ್ರತಿಯಲ್ಲಿ ಆ ಫಲಕವನ್ನು ಕತ್ತರಿಸಿಯೇ ಹಾಕಿರುತ್ತಿದ್ದರು. ಹೀಗೆ ಕಳ್ಳತನ ಮಾಡಬೇಡವೆಂಬ ಉಪದೇಶವನ್ನು ಕೂತು ಕೇಳಬೇಕಾದವನು ಹಣ ಕೊಟ್ಟವನೊಬ್ಬನೇ. ನಮ್ಮ ದೇಶದ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರಿ ಕಳ್ಳನನ್ನು ಬೆಲೆಯಿಂದಲೇ ಎದುರಿಸಹೊರಟದ್ದು ನನ್ನ ಮಟ್ಟಿಗೆ ಹೆಚ್ಚು ವಿವೇಕದ ಮಾರ್ಗ.

ಅಂತರ್ಜಾಲದಲ್ಲಿ ಹರಿದುಬರುವ ಚಿತ್ರವು ಡಿಸ್ಕಿಗಿಂತ ಉತ್ಕೃಷ್ಟವಾದ್ದರಿಂದಲೇ ಡಿಸ್ಕು ಹಿಂದೆ ಸರಿಯಿತೆಂಬುದೂ ತಪ್ಪು. ಅತ್ಯುನ್ನತ ದರ್ಜೆಯ ಬ್ಲೂ-ರೇ ಡಿಸ್ಕು ಸೆಕೆಂಡಿಗೆ 128 ಮೆಗಾಬಿಟ್ಟಿನವರೆಗೆ ಒದಗಿಸಬಲ್ಲುದು. ಅಂತರ್ಜಾಲದ 4ಕೆ ಚಿತ್ರ ಸಾಮಾನ್ಯವಾಗಿ ಅದರ ಕಾಲುಭಾಗವನ್ನೂ ಮುಟ್ಟುವುದಿಲ್ಲ. ಗೆದ್ದದ್ದು ಸೌಕರ್ಯ. ಆ ಡಿಸ್ಕಿನಲ್ಲಿ ವಲಯದ ಕಾಟವನ್ನು ತಯಾರಕರೇ ಕೈಬಿಟ್ಟರೂ, ಕಂಪ್ಯೂಟರಿನಲ್ಲಿ ಅದನ್ನು ನೋಡಲು ಇಂಟೆಲ್ಲಿನ ಎಸ್.ಜಿ.ಎಕ್ಸ್. ಎಂಬ ರಕ್ಷಣಾವ್ಯವಸ್ಥೆ ಇರಲೇಬೇಕೆಂದು ವಿಧಿಸಿದರು. ಇಂಟೆಲ್ಲಾದರೋ 11ನೆಯ ಪೀಳಿಗೆಯ ಕೋರ್ ಪ್ರೊಸೆಸರುಗಳಿಂದ ಅದನ್ನು ತೆಗೆದೇಹಾಕಿತು. ಆದ್ದರಿಂದ ಹೊಸ ಕಂಪ್ಯೂಟರನ್ನೂ ಹೊಸ ಡಿಸ್ಕನ್ನೂ ಕ್ರಮಬದ್ಧವಾಗಿ ಕೊಂಡವನು, ಅಧಿಕೃತ ತಂತ್ರಾಂಶವನ್ನೇ ನೆಚ್ಚಿದರೆ, ಚಿತ್ರ ನೋಡಲಾರ.