ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಹಳೆಯದಕ್ಕೆ ವಿಂಡೋಸ್ 11 ಹಾಕಲು ಆಗುತ್ತಿಲ್ಲ. ಎರಡಕ್ಕೂ ಲಿನಕ್ಸ್ ಹಾಕಿಸಿದರೆ ಹೇಗೆ? ಕನ್ನಡ ಟೈಪಿಂಗ್, ಟ್ಯಾಲಿ ಎರಡೂ ಬೇಕು.
– ಓದುಗರು, ನಾಗಸಂದ್ರ

ಉತ್ತರ: ಎರಡಕ್ಕೂ ಬೇಡ, ಹಳೆಯದಕ್ಕೆ ಖಂಡಿತ ಹಾಕಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಕೇಳುತ್ತದೆ. ಅದಕ್ಕಾಗಿ ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದು ಅನ್ಯಾಯ. 4 ಜಿಬಿ ರ‍್ಯಾಮ್ ಇದ್ದರೂ ಲಿನಕ್ಸ್ ಮಿಂಟ್ ಓಡುತ್ತದೆ. ಮಕ್ಕಳ ಪಾಠಕ್ಕೆ, ಪತ್ರ ವ್ಯವಹಾರಕ್ಕೆ ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಸಾಕು.

ಕನ್ನಡಕ್ಕೆ ಹೆದರಬೇಡಿ. ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ಸೌಲಭ್ಯದಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಅದು ಹೊಸದಲ್ಲ. ಆದರೆ ನುಡಿಯ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇದನ್ನು ಮರೆತರೆ ಆಮೇಲೆ ಪರದಾಟ.

ಟ್ಯಾಲಿ ನಮ್ಮ ಬೆಂಗಳೂರಿನದೇ, ಆದರೆ ವಿಂಡೋಸ್‌ಗಾಗಿ ಮಾಡಿದ್ದು. ಪೀಣ್ಯದ ವರ್ಕ್‌ಶಾಪಿನ ಲೆಕ್ಕವನ್ನೋ ಅಂಗಡಿಯ ಲೆಕ್ಕವನ್ನೋ ಮನೆಯಲ್ಲೇ ಬರೆಯುವವರಿದ್ದರೆ ಹೊಸ ಯಂತ್ರದಲ್ಲಿ ವಿಂಡೋಸ್ ಇರಲಿ.

ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ, ವೈ-ಫೈ, ಪ್ರಿಂಟರ್ ಪರೀಕ್ಷಿಸಿ. ಫೋಟೊ, ದಾಖಲೆಗಳನ್ನು ಬೇರೆಡೆ ನಕಲು ಮಾಡಿಟ್ಟ ಮೇಲಷ್ಟೇ ಇನ್‌ಸ್ಟಾಲ್ ಮಾಡಿ.